ಪೊರೆ ದಾಟುವ ಪೆರಾಕ್ಸೈಡ್: ಲೋಟದಲ್ಲೇ ನೋಡುವ ಬಗೆ

ಹೈಡ್ರೋಜನ್ ಪೆರಾಕ್ಸೈಡ್ ಜೀವಕೋಶದ ಪೊರೆಯನ್ನು ದಾಟುತ್ತದೆ ಎಂದು ಪಿಯು ಮಕ್ಕಳಿಗೆ ಬಾಯಲ್ಲಿ ಹೇಳುವುದಕ್ಕಿಂತ ಯೀಸ್ಟಿನಲ್ಲಿ ತೋರಿಸುವುದೇ ಲೇಸು. ಒಣ ಯೀಸ್ಟ್ 3 ಗ್ರಾಂ, ಔಷಧಿ ಅಂಗಡಿಯ ಪೆರಾಕ್ಸೈಡ್, ಮೂರು ದೊಡ್ಡ ಗಾಜಿನ ಲೋಟ ಸಾಕು. ಬಾಟಲಿಯ ಮೇಲೆ '20 ವಾಲ್ಯೂಮ್' ಎಂದಿದ್ದರೆ ಅದು ಶೇ 6ರ ದ್ರಾವಣ. ಅಷ್ಟೇ ನೀರು ಬೆರೆಸಿ ಶೇ 3ಕ್ಕೆ ಇಳಿಸಿ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಇರಲೇಬೇಕು. ಚರ್ಮಕ್ಕೆ ತಗುಲಿದರೆ ಬೆಳ್ಳಗಾಗಿ ಉರಿಯುತ್ತದೆ.

ಮೊದಲು ಯೀಸ್ಟನ್ನು ನೆನೆಸಬೇಕು. ಹೆಚ್ಚಿನವರದು ಕೆಡುವುದು ಇಲ್ಲೇ. ಮಡಿಕೇರಿಯ ಜುಲೈ ತಿಂಗಳ ತಣ್ಣನೆಯ ನಲ್ಲಿ ನೀರನ್ನು ಹಾಗೇ ಹಾಕಿದರೆ, ಒಣಗಿ ಬಿಗಿದ ಪೊರೆ ಸರಿಹೋಗುವ ಮುಂಚೆಯೇ ನೀರು ನುಗ್ಗಿ ಕೋಶದ ಒಳಗಿನದೆಲ್ಲ ಸೋರುತ್ತದೆ. 40 ಡಿಗ್ರಿ ಸೆಲ್ಸಿಯಸ್‌ನ 100 ಮಿ.ಲೀ. ನೀರಿನ ಮೇಲೆ ಯೀಸ್ಟ್ ಉದುರಿಸಿ, 10 ನಿಮಿಷ ಕಲಕದೆ ಬಿಡಿ. ಆಮೇಲೆ ಮೆಲ್ಲಗೆ ಕಲಕಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಮೇಲಿನ ನೀರು ಬಸಿದು, ಹೊಸ ನೀರು ತುಂಬಿ, ಇನ್ನೊಂದು ರಾತ್ರಿ ಇಡಿ. ಪೆರಾಕ್ಸೈಡನ್ನು ನೀರು, ಆಮ್ಲಜನಕವಾಗಿ ಒಡೆಯುವ ಕಿಣ್ವವೊಂದು ಯೀಸ್ಟ್ ಕೋಶದೊಳಗಿದೆ; ಅದರಲ್ಲಿ ಸೋರಿದ್ದು ಆ ನೀರಿನ ಜೊತೆ ಹೋಗುತ್ತದೆ. ಕಾಫಿ ಸೋಸುವ ಬಟ್ಟೆಯಿಂದ ಕೆಲಸವಾಗದು. ಯೀಸ್ಟ್ ಕೋಶ ಸುಮಾರು 5 ಮೈಕ್ರಾನ್, ಬಟ್ಟೆಯಲ್ಲಿ ಸಲೀಸಾಗಿ ಇಳಿದುಹೋಗುತ್ತದೆ.

ಈಗ ಒಂದು ಲೋಟಕ್ಕೆ ಮೇಲಿನ ತಿಳಿನೀರು, ಇನ್ನೊಂದಕ್ಕೆ ತಳದ ಗಸಿ, ಮೂರನೆಯದಕ್ಕೆ 5 ನಿಮಿಷ ಕುದಿಸಿ ಆರಿಸಿದ ಗಸಿ, ತಲಾ 5 ಮಿ.ಲೀ. ಹಾಕಿ. ಪ್ರತಿಯೊಂದಕ್ಕೂ 10 ಮಿ.ಲೀ. ಪೆರಾಕ್ಸೈಡ್ ಸುರಿಯಿರಿ. ಲೋಟದ ಬಾಯಿ ಮುಚ್ಚಬೇಡಿ, ಅಷ್ಟರಿಂದ ಸುಮಾರು 100 ಮಿ.ಲೀ. ಆಮ್ಲಜನಕ ಬರಬಹುದು. ಗಸಿಯ ಲೋಟದಲ್ಲಿ ನೊರೆ ಉಕ್ಕುತ್ತದೆ, ಲೋಟ ಮುಟ್ಟಿದರೆ ಬೆಚ್ಚಗಿರುತ್ತದೆ. ಕುದಿಸಿದ್ದು ಸುಮ್ಮನಿರುತ್ತದೆ. ತಿಳಿನೀರಿನಲ್ಲಿ ಒಂದೆರಡು ಗುಳ್ಳೆ, ಅಷ್ಟೆ. ಅದೂ ನೊರೆಯಾದರೆ ಕೋಶಗಳು ಒಡೆದಿವೆ, ಇಲ್ಲವೇ ಗಸಿ ತಳಕ್ಕೆ ಇಳಿದಿಲ್ಲ; ಆ ಫಲಿತಾಂಶ ನಂಬಬೇಡಿ.

ನೊರೆ ಎಬ್ಬಿಸಿದ್ದು ಕೋಶದೊಳಗಿನ ಆ ಕಿಣ್ವ, ಹೆಸರು ಕ್ಯಾಟಲೇಸ್. ದೊಡ್ಡ ಪ್ರೋಟೀನು, ಒಡೆಯದ ಪೊರೆ ದಾಟಿ ಹೊರಬಾರದು. ಅಂದರೆ ಒಳಹೊಕ್ಕದ್ದು ಪೆರಾಕ್ಸೈಡೇ. ನೀರಿನ ಅಣುವನ್ನು ಬಹಳ ಹೋಲುವ, ವಿದ್ಯುದಾವೇಶವಿಲ್ಲದ ಈ ಅಣು ಕೊಬ್ಬಿನ ಪದರದಲ್ಲಿ ಅಷ್ಟಿಷ್ಟು ನುಸುಳುತ್ತದೆ, ಕೆಲವು ಅಕ್ವಾಪೋರಿನ್‌ಗಳಲ್ಲಿ ಸರಾಗವಾಗಿ ಸಾಗುತ್ತದೆ. ಪೀಟರ್ ಆಗ್ರೆಗೆ 2003ರ ನೊಬೆಲ್ ತಂದ ನೀರಿನ ನಾಳಗಳೇ ಇವು. ಯಾವ ದಾರಿಯಿಂದ ಎಷ್ಟು ಹೋಯಿತು ಎಂಬುದನ್ನು ಮಾತ್ರ ನಮ್ಮ ಲೋಟ ಹೇಳದು. ಒಂದು ಎಲೆಕ್ಟ್ರಾನ್ ಹೆಚ್ಚಿಗೆ ಪಡೆದ ಆಮ್ಲಜನಕದ ಅಣುವಾದ, ಋಣಾವೇಶವಿರುವ ಸೂಪರಾಕ್ಸೈಡ್ ಹೀಗೆ ನುಸುಳಲಾರದು. ಅದಕ್ಕೆ ಅಯಾನು ನಾಳವೇ ಬೇಕು.

ಲೋಟದಲ್ಲಿ ಸುರಿದದ್ದು ಸುಮಾರು 0.9 ಮೋಲಾರ್. ಕೋಶಗಳು ಪೆರಾಕ್ಸೈಡನ್ನು ಸಂಜ್ಞೆಯಾಗಿಯೂ ಬಳಸುತ್ತವೆ; ಕೋಶದೊಳಗೆ ಅದು ನಡೆಯುವುದು ನ್ಯಾನೊಮೋಲಾರ್ ಮಟ್ಟದಲ್ಲಿ, ಕೋಟಿಗಟ್ಟಲೆ ಪಟ್ಟು ಕಡಿಮೆ. ಅಲ್ಲಿ ಪೊರೆಯಲ್ಲಿ ಕೂತ ನಾಕ್ಸ್ (NADPH ಆಕ್ಸಿಡೇಸ್) ಎಂಬ ಕಿಣ್ವ ಪೊರೆಯ ಹೊರಗೆ ಸೂಪರಾಕ್ಸೈಡ್ ತಯಾರಿಸುತ್ತದೆ, ಅದು ಪೆರಾಕ್ಸೈಡ್ ಆಗಿ ಒಳಬಂದು ಪ್ರೋಟೀನಿನಿಂದ ಫಾಸ್ಫೇಟ್ ಕಿತ್ತು ಸಂಜ್ಞೆ ಆರಿಸುವ ಫಾಸ್ಫಟೇಸ್ ಕಿಣ್ವದಲ್ಲಿನ ಸಿಸ್ಟೀನ್ ಎಂಬ ಅಮೈನೋ ಆಮ್ಲವೊಂದನ್ನು ಉತ್ಕರ್ಷಿಸುತ್ತದೆ. ಫಾಸ್ಫೇಟ್ ಕೀಳುವ ಕೈ ಕಟ್ಟಿಹಾಕಿದಂತಾಗಿ ಬೆಳವಣಿಗೆಯ ಸಂಜ್ಞೆ ಇನ್ನಷ್ಟು ಹೊತ್ತು ಉಳಿಯುತ್ತದೆ. ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆ ನೀರಿಲ್ಲದೆ ಒಣಗುವ ಕಾಫಿ ಗಿಡವೂ ಎಲೆಯ ಪತ್ರರಂಧ್ರ ಮುಚ್ಚಿಕೊಳ್ಳುತ್ತದಲ್ಲ, ಆ ಮುಚ್ಚುವಿಕೆಯಲ್ಲಿ ಅಕ್ವಾಪೋರಿನ್ ಮೂಲಕ ರಂಧ್ರದ ಅಂಚಿನ ಕಾವಲು ಕೋಶದೊಳಗೆ ಬರುವ ಪೆರಾಕ್ಸೈಡಿನ ಪಾತ್ರವನ್ನು ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಗುರುತಿಸಿದ್ದಾರೆ.