ಹವ್ಯಾಸಿ ಬ್ಯಾಂಡ್ ಮೊದಲ ಬಾರಿ ವೇದಿಕೆ ಏರುವಾಗ

ಬೆಂಗಳೂರಿನ ಇಂದಿರಾನಗರ, ಕೋರಮಂಗಲದಂಥ ಬಡಾವಣೆಗಳ ಪಬ್ಬುಗಳಲ್ಲಾಗಲಿ, ನೂರಿನ್ನೂರು ಜನ ಕೂರಬಹುದಾದ ಸಣ್ಣ ಸಭಾಂಗಣಗಳಲ್ಲಾಗಲಿ ಹೊಸ ತಂಡವೊಂದಕ್ಕೆ ಹೆಚ್ಚೆಂದರೆ 40-45 ನಿಮಿಷಗಳ ಅವಕಾಶ ಸಿಗುತ್ತದೆ. ಜ್ಯಾಮ್ ರೂಮಿನಲ್ಲಿ, ಅಂದರೆ ಅಭ್ಯಾಸದ ಕೋಣೆಯಲ್ಲಿ, ಸೊಗಸಾಗಿ ನುಡಿಸುವ ತಂಡಗಳೂ ಅಲ್ಲಿ ಮುಗ್ಗರಿಸುವುದುಂಟು. ಬಹುಪಾಲು ಅದಕ್ಕೆ ಕಾರಣ ಅಭ್ಯಾಸದ ಕೊರತೆಯಲ್ಲ, ವೇದಿಕೆಯ ಮೇಲೆ ಒಬ್ಬರದು ಒಬ್ಬರಿಗೆ ಕೇಳಿಸದಿರುವುದು. ಆದಕಾರಣ ಈ ಬರಹದ ಹೆಚ್ಚಿನ ಭಾಗವನ್ನು ಧ್ವನಿ ವ್ಯವಸ್ಥೆಗೇ ಮೀಸಲಿಡಲಾಗಿದೆ.

ಕಾರ್ಯಕ್ರಮ ಒಪ್ಪಿಕೊಳ್ಳುವ ಮುನ್ನ, ಸಂಭಾವನೆ ಇಂತಿಷ್ಟೆಂದು ನಿಗದಿಯಾಗಿದೆಯೋ ಅಥವಾ ಟಿಕೆಟ್ ಹಣದಲ್ಲಿ ಪಾಲೋ, ಡ್ರಮ್ ಕಿಟ್ ಮತ್ತು ಆಂಪ್ಲಿಫೈಯರ್‌ಗಳು ಅಲ್ಲಿಯೇ ಇವೆಯೋ ಎಂಬುದನ್ನು ಬರಹದಲ್ಲಿ ಕೇಳಿಕೊಳ್ಳಬೇಕು. ಕಿಟ್ ಇದ್ದರೂ ಸ್ನೇರ್, ಸಿಂಬಲ್ ಮತ್ತು ಕಿಕ್ ಪೆಡಲ್‌ಗಳನ್ನು ಡ್ರಮ್ಮರ್ ತಾವೇ ತರುವುದು ರೂಢಿ. ಮುಗಿಸುವ ಹೊತ್ತನ್ನೂ ಕೇಳಿಟ್ಟುಕೊಳ್ಳಿ. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಮುಚ್ಚಿದ ಸಭಾಂಗಣಗಳಿಗೆ ವಿನಾಯಿತಿ ಇದೆಯಾದರೂ, ತೆರೆದ ತಾರಸಿಯ ವೇದಿಕೆಯಲ್ಲಿ ಕೊನೆಯ ಸರದಿ ನಿಮ್ಮದಾಗಿದ್ದರೆ ಹಿಂದಿನ ತಂಡಗಳ ವಿಳಂಬವೆಲ್ಲ ನಿಮ್ಮ ಹಾಡುಗಳಿಗೇ ಕತ್ತರಿಯಾಗುತ್ತದೆ.

ಅನ್ಯರ ಹಾಡುಗಳನ್ನು ಹಾಡುವುದಾದರೆ ಹಕ್ಕುಸ್ವಾಮ್ಯದ ವಿಚಾರವೂ ಬರುತ್ತದೆ. ಭಾರತದ ಕಾನೂನಿನಲ್ಲಿ ಸಾಹಿತ್ಯಕ್ಕೂ ಸಂಗೀತ ಸಂಯೋಜನೆಗೂ ಕರ್ತೃ ತೀರಿಕೊಂಡ ವರ್ಷದ ನಂತರ 60 ವರ್ಷಗಳ ರಕ್ಷಣೆ ಇರುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳು 2041ರ ಕೊನೆಯವರೆಗೂ ಈ ರಕ್ಷಣೆಯಲ್ಲಿರುತ್ತವೆ. 1889ರಲ್ಲಿ ತೀರಿಕೊಂಡ ಶಿಶುನಾಳ ಷರೀಫರ ಪದಗಳ ಸಾಹಿತ್ಯ ಎಲ್ಲರದಾದರೂ, ಅವುಗಳಿಗೆ ಸಿ. ಅಶ್ವತ್ಥ್ ಅವರು ಹಾಕಿದ ಧಾಟಿ ಎಲ್ಲರದಾಗಿಲ್ಲ. ಜನಪದ ಗೀತೆಯೆಂದುಕೊಂಡು ಹಾಡುವವರು ಇದನ್ನು ಮರೆಯುವುದೇ ಹೆಚ್ಚು. ಗೀತರಚನೆಕಾರರ, ಸಂಗೀತ ಸಂಯೋಜಕರ ಪರವಾಗಿ ರಾಯಧನ ಸಂಗ್ರಹಿಸುವ ಐಪಿಆರ್‌ಎಸ್‌ನಂಥ ಸಂಸ್ಥೆಗಳ ಪರವಾನಗಿಯನ್ನು ಸಾಮಾನ್ಯವಾಗಿ ಸಂಘಟಕರೇ ಪಡೆಯುತ್ತಾರೆ. ಆದರೂ ಒಂದು ಮಾತು ಕೇಳಿ ಖಚಿತಪಡಿಸಿಕೊಳ್ಳುವುದು ಒಳಿತು.

ಇನ್ನು ಸೌಂಡ್ ಎಂಜಿನಿಯರ್‌ಗೆ ಒಂದು ವಾರ ಮೊದಲೇ ಒಂದು ಹಾಳೆ ಕಳುಹಿಸಬೇಕು. ಅದರಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆಂಬ ನಕ್ಷೆಯೂ, ಎಷ್ಟು ಚಾನೆಲ್ (ಮಿಕ್ಸರ್‌ಗೆ ಹೋಗುವ ಒಂದೊಂದು ಧ್ವನಿಯ ದಾರಿ) ಬೇಕೆಂಬ ಪಟ್ಟಿಯೂ ಇರಲಿ. ಗಾಯಕಿ, ಅಕೌಸ್ಟಿಕ್ ಗಿಟಾರ್, ಬೇಸ್, ಕೊಳಲು, ಡ್ರಮ್ಸ್ ಇರುವ ಐವರ ತಂಡವಾದರೆ ಡ್ರಮ್ಸ್‌ಗೆ ನಾಲ್ಕು, ಬೇಸ್, ಗಿಟಾರ್ ಮತ್ತು ಕೊಳಲಿಗೆ ಒಂದೊಂದು, ಮುಖ್ಯ ಗಾಯನಕ್ಕೆ ಒಂದು, ದನಿಗೂಡಿಸುವವರಿಗೆ ಎರಡು, ಒಟ್ಟು ಹತ್ತು ಚಾನೆಲ್‌ಗಳಾಗುತ್ತವೆ. ಗಿಟಾರ್‌ಗೂ ಬೇಸ್‌ಗೂ ಡಿಐ ಬಾಕ್ಸ್ (ವಾದ್ಯದ ಸಂಕೇತವನ್ನು ದೂರದ ಮಿಕ್ಸರ್‌ಗೆ ಹೊಂದುವಂತೆ ಮಾರ್ಪಡಿಸುವ ಪುಟ್ಟ ಪೆಟ್ಟಿಗೆ) ಬೇಕೆಂದು ಸ್ಪಷ್ಟವಾಗಿ ಬರೆಯಿರಿ, ಏಕೆಂದರೆ ಗಿಟಾರ್‌ನ ತಂತಿಯನ್ನು ನೇರವಾಗಿ ದೂರದ ಮಿಕ್ಸರ್‌ವರೆಗೆ ಎಳೆದರೆ ದಾರಿಯುದ್ದಕ್ಕೂ ವಿದ್ಯುತ್ತಿನ ಗುಂಯ್‌ಗುಡುವಿಕೆ ಸೇರಿಕೊಳ್ಳುತ್ತದೆ. ಗಿಟಾರ್‌ನೊಳಗಿನ 9 ವೋಲ್ಟ್ ಬ್ಯಾಟರಿಗೆ ಬದಲಿಯೊಂದು ಜೇಬಿನಲ್ಲಿರಲಿ.

ಕಾರ್ಯಕ್ರಮಕ್ಕೆ ಮುನ್ನ ಧ್ವನಿ ಹೊಂದಿಸುವ ಸೌಂಡ್‌ಚೆಕ್ ಎಂದರೆ ತಾಲೀಮಲ್ಲ. ಎಂಜಿನಿಯರ್ ಸಾಮಾನ್ಯವಾಗಿ ಕಿಕ್ ಡ್ರಮ್‌ನಿಂದ ಆರಂಭಿಸಿ ಕೊನೆಗೆ ಗಾಯನಕ್ಕೆ ಬರುತ್ತಾರೆ. ಕೇಳಿದವರು ಮಾತ್ರ ನುಡಿಸಬೇಕು, ಉಳಿದವರು ಕೈಕಟ್ಟಿ ನಿಲ್ಲಬೇಕು. ಎಲ್ಲ ಮುಗಿದ ಮೇಲೆ ಇಡೀ ತಂಡ ತನ್ನ ಅತಿ ಜೋರಿನ ಹಾಡಿನ ಪಲ್ಲವಿಯನ್ನು ಪೂರ್ಣ ಬಲದಿಂದ ನುಡಿಸಿದರೆ ಸಾಕು. ಆಮೇಲೆ ಮಾನಿಟರ್‌ಗಳ, ಅಂದರೆ ನುಡಿಸುವವರಿಗೇ ಕೇಳಿಸಲೆಂದು ಅವರತ್ತ ತಿರುಗಿಸಿಟ್ಟ ಸ್ಪೀಕರ್‌ಗಳ ಸರದಿ. ‘ನನ್ನ ದನಿ ಏರಿಸಿ’ ಎಂದು ಐವರೂ ಸರದಿಯ ಮೇಲೆ ಕೇಳತೊಡಗಿದರೆ ವೇದಿಕೆ ಸಂತೆಯಾಗುತ್ತದೆ. ‘ನನ್ನ ಮಾನಿಟರ್‌ನಲ್ಲಿ ಗಿಟಾರ್ ತುಸು ಇಳಿಸಿ’ ಎಂದು ಕೇಳುವುದೇ ಜಾಣತನ. ಆಂಪ್ ಅನ್ನು ನೆಲದ ಮೇಲಿಟ್ಟು ಗಿಟಾರಿಸ್ಟ್‌ನ ಮೊಣಕಾಲಿಗೆ ಕೇಳಿಸುವ ಬದಲು, ಕುರ್ಚಿಯ ಮೇಲಿಟ್ಟು ಕಿವಿಯತ್ತ ತಿರುಗಿಸಿದರೆ ಅವರೇ ಸದ್ದು ತಗ್ಗಿಸುತ್ತಾರೆ.

ಮೈಕ್‌ನಿಂದ ಕೂಯ್ ಎಂಬ ಕೀರಲು ಹೊರಡುವುದಕ್ಕೆ ಅನೇಕ ಸಲ ಮೈಕ್ ಹಿಡಿಯುವ ಬಗೆಯೇ ಕಾರಣ. ಎಲ್ಲೆಡೆ ಕಾಣುವ ಶೂರ್ ಎಸ್‌ಎಂ58 ಮೈಕ್ ತನ್ನ ಬೆನ್ನ ಹಿಂದಿನ ಶಬ್ದವನ್ನು ಅತ್ಯಂತ ಕಡಿಮೆ ಗ್ರಹಿಸುತ್ತದೆ, ಆದ್ದರಿಂದ ಮಾನಿಟರ್ ಅದರ ನೇರ ಹಿಂಬದಿಗೆ ಇರಬೇಕು. ಬೀಟಾ 58ನಂಥ ಸೂಪರ್‌ಕಾರ್ಡಿಯಾಯ್ಡ್ ಮೈಕ್ ಆದರೆ ಹಿಂದಿನ ಶಬ್ದವನ್ನೂ ಅಲ್ಪಸ್ವಲ್ಪ ಹಿಡಿಯುವುದರಿಂದ ಮಾನಿಟರನ್ನು ಹಿಂಬದಿಯಿಂದ ಕೊಂಚ ಪಕ್ಕಕ್ಕೆ ಸರಿಸಬೇಕು. ಸಿನಿಮಾದಲ್ಲಿ ಕಂಡಂತೆ ಜಾಲರಿಯ ಸುತ್ತ ಅಂಗೈ ಮುಚ್ಚಿ ಹಿಡಿದರೆ ಈ ಗುಣವೆಲ್ಲ ಕೆಟ್ಟು, ಮೈಕ್ ಎಲ್ಲ ದಿಕ್ಕಿನಿಂದಲೂ ಶಬ್ದ ಹೀರತೊಡಗುತ್ತದೆ. ನೋಡಲು ಚೆಂದ, ಕೇಳಲು ಅಲ್ಲ.

ನಮ್ಮ ವಾದ್ಯಗಳನ್ನು ಇಟ್ಟುಕೊಂಡ ತಂಡಗಳಿಗೆ ಹವಾನಿಯಂತ್ರಣ ಇನ್ನೊಂದು ತೊಡಕು. ಬಿದಿರಿನ ಕೊಳಲು ತಣ್ಣಗಿದ್ದಾಗ ಅದರ ಶ್ರುತಿ ಇಳಿದಿರುತ್ತದೆ, ಊದುತ್ತ ಬಿಸಿಯಾದಂತೆ ಏರುತ್ತದೆ. ಹೀಗಾಗಿ ಕೊಳಲಿನವರು ಎರಡು ನಿಮಿಷ ಊದಿದ ಮೇಲೆಯೇ ಗಿಟಾರ್ ಮತ್ತು ಬೇಸ್‌ಗಳನ್ನು ಅದಕ್ಕೆ ಹೊಂದಿಸಿ ಶ್ರುತಿ ಮಾಡಿಕೊಳ್ಳಬೇಕು. ಕೊಳಲನ್ನು ಗಿಟಾರ್‌ಗೆ ಹೊಂದಿಸಲು ಹೊರಟರೆ ಕೆಲಸ ಕೆಡುತ್ತದೆ. ತಬಲಾ, ಢೋಲಕ್‌ಗಳ ಚರ್ಮವೂ ಕೋಣೆಯ ಹವೆಗೆ ತಕ್ಕಂತೆ ಬದಲಾಗುವುದರಿಂದ ಅವನ್ನು ಚೀಲದಿಂದ ತೆಗೆದು ಅರ್ಧ ಗಂಟೆ ಸಭಾಂಗಣದಲ್ಲಿಯೇ ಇರಿಸಿ, ಆನಂತರ ಸುತ್ತಿಗೆ ಹಿಡಿಯುವುದು ಲೇಸು.

ಹಾಡುಗಳ ಪಟ್ಟಿ ಮಾಡುವಾಗ 40 ನಿಮಿಷಕ್ಕೆ 40 ನಿಮಿಷದ ಹಾಡು ತುಂಬಬಾರದು. ನಾಲ್ಕು ನಿಮಿಷದ ಎಂಟು ಹಾಡುಗಳಿಗೆ 32 ನಿಮಿಷ ಸಾಕು, ಮಿಕ್ಕದ್ದು ಮಾತಿಗೂ ಶ್ರುತಿಗೂ ಹೋಗುತ್ತದೆ. ಒಂದೇ ಕ್ಯಾಪೋ (ಶ್ರುತಿ ಏರಿಸಲು ಗಿಟಾರ್‌ನ ಕತ್ತಿಗೆ ಹಾಕುವ ಕ್ಲಿಪ್ಪು), ಒಂದೇ ಶ್ರುತಿಯ ಹಾಡುಗಳನ್ನು ಒಟ್ಟಿಗೆ ಇರಿಸಿಕೊಂಡರೆ ನಡುವಿನ ಮುಜುಗರದ ಮೌನ ತಪ್ಪುತ್ತದೆ. ಆರಂಭದ ಹಾಡು ಎಲ್ಲರಿಗೂ ನಿದ್ದೆಯಲ್ಲೂ ನುಡಿಸಲು ಬರುವಂಥದ್ದಾಗಿರಲಿ, ಏಕೆಂದರೆ ಕೋಣೆ ಜನರಿಂದ ತುಂಬಿದಾಗ ಶಬ್ದದ ಸ್ವರೂಪ ಬದಲಾಗುತ್ತದೆ, ಎಂಜಿನಿಯರ್‌ಗೂ ಅದನ್ನು ಸರಿಪಡಿಸಲು ಆ ಒಂದು ಹಾಡು ಬೇಕಾಗುತ್ತದೆ. ಪಟ್ಟಿಯನ್ನು ದಪ್ಪಕ್ಷರದಲ್ಲಿ ಬರೆದು ಪ್ರತಿಯೊಬ್ಬರ ಕಾಲಬಳಿ ಟೇಪಿನಿಂದ ಅಂಟಿಸಿ. ವೇದಿಕೆಯ ಕೆಂಪು ದೀಪದಡಿ ಕೆಂಪು ಶಾಯಿ ಕಾಣುವುದಿಲ್ಲವಾದ್ದರಿಂದ ಕಪ್ಪು ಶಾಯಿಯನ್ನೇ ಬಳಸಿ.

ನುಡಿಸುವಾಗ ಯಾರಾದರೂ ತಪ್ಪಿದರೆ ನಿಲ್ಲಿಸಬೇಡಿ, ಮುಖವನ್ನೂ ಕಿವಿಚಬೇಡಿ; ಎಲ್ಲಿ ಕೂಡಿಕೊಳ್ಳಬೇಕೆಂದು ಡ್ರಮ್ಮರ್‌ನ ಸನ್ನೆ ನೋಡಿದರಾಯಿತು. ಕೊನೆಯ ಹಾಡಾದ ಕೂಡಲೇ ವಾದ್ಯಗಳನ್ನು ವೇದಿಕೆಯಿಂದ ಕೆಳಗಿಳಿಸಿ, ತಂತಿ ಸುತ್ತುವುದು, ಚೀಲಕ್ಕೆ ತುಂಬುವುದು, ಗೆಳೆಯರೊಂದಿಗೆ ಮಾತು ಎಲ್ಲವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ, ಏಕೆಂದರೆ ಮುಂದಿನ ತಂಡಕ್ಕೆ ಸಿಗುವುದು ಹತ್ತು ಹದಿನೈದು ನಿಮಿಷ ಮಾತ್ರ. ಸಂಭಾವನೆಯ ಲೆಕ್ಕವನ್ನು ಆ ರಾತ್ರಿಯೇ ಸಂಘಟಕರೊಂದಿಗೆ ಚುಕ್ತಾ ಮಾಡಿಕೊಂಡು ಹೊರಡಿ.