ಎದುರು ಪಕ್ಷವಿಲ್ಲದ ಚರ್ಚೆ ಪುಟ: ಕನ್ನಡ ವಿಕಿಪೀಡಿಯದಲ್ಲಿ ಕಾವೇರಿ ವಿವಾದವನ್ನು ಬರೆಯುವ ಬಗೆ

ಇಂಗ್ಲಿಷ್ ವಿಕಿಪೀಡಿಯದ ಕಾವೇರಿ ಪುಟದಲ್ಲಿ ಒಂದು ಸಾಲನ್ನು ನಮ್ಮ ಕಡೆಗೆ ವಾಲಿಸಿದರೆ, ತಮಿಳುನಾಡಿನ ಕಡೆಯವರು ಯಾರಾದರೂ ಬಂದು ಆಧಾರ ಕೇಳುತ್ತಾರೆ. ಕನ್ನಡ ವಿಕಿಪೀಡಿಯದಲ್ಲಿ ಆ ಸಾಲು ವರ್ಷಗಟ್ಟಲೆ ಹಾಗೇ ಉಳಿಯಬಹುದು. ಬರೆಯುವವರು, ತಿದ್ದುವವರು, ಓದುವವರು ಬಹುತೇಕ ಎಲ್ಲರೂ ನದಿಯ ಮೇಲ್ಭಾಗದವರು. ಜಗಳವಿಲ್ಲ ಎಂದ ಮಾತ್ರಕ್ಕೆ ಪುಟ ತಟಸ್ಥವಾಗಿದೆ ಎಂದಲ್ಲ. ಇಲ್ಲಿ ಎದುರು ಪಕ್ಷದ ಕೆಲಸವನ್ನೂ ನಾವೇ ಮಾಡಬೇಕು. ಇದನ್ನೇ ಆಧಾರವಾಗಿಟ್ಟುಕೊಂಡು ನಾವು ಕೆಲವರು ಈ ವಿಷಯದ ಪುಟಗಳನ್ನು ತಿದ್ದುತ್ತೇವೆ.

ನಾವು ಮೊದಲು ಕೈಹಾಕುವುದು ಅಂಕಿಗಳಿಗೆ. ಕಾವೇರಿ ಜಲವಿವಾದ ನ್ಯಾಯಮಂಡಳಿ ರಚನೆಯಾದದ್ದು 1990ರ ಜೂನ್ 2ರಂದು. 2007ರ ಫೆಬ್ರವರಿ 5ರ ಐತೀರ್ಪು ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಟಿಎಂಸಿ (ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಹಂಚಿತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲಿಗೆ 14.75 ಟಿಎಂಸಿ ಸೇರಿಸಿತು. ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ, ಉಳಿದ 10 ತಮಿಳುನಾಡಿನ ಅಂತರ್ಜಲವನ್ನು ಲೆಕ್ಕಕ್ಕೆ ತೆಗೆದುಕೊಂಡದ್ದರಿಂದ. ಹಾಗಾಗಿ ಕರ್ನಾಟಕದ ಪಾಲು 284.75, ತಮಿಳುನಾಡಿನದು 404.25. ಹೊಸ ಸಂಪಾದಕರು ಉತ್ಸಾಹದಿಂದ ಬಂದು, 2007ರ ವಾಕ್ಯದೊಳಗಿನ 270ನ್ನು ಅಳಿಸಿ 284.75 ಎಂದು ಹಾಕಿ, 419ನ್ನು ಹಾಗೇ ಬಿಟ್ಟು ಹೋಗುತ್ತಾರೆ. ಎರಡೂ ನಿಜವಾದ ಅಂಕಿಗಳೇ. ಆದರೆ ಅವು ಒಂದೇ ವಾಕ್ಯದಲ್ಲಿ ಕೂತಾಗ ವಾಕ್ಯ ಸುಳ್ಳಾಗುತ್ತದೆ.

ಇದನ್ನು ಹಿಡಿಯಲು ಕೂಡಿ ನೋಡಿದರೆ ಸಾಕು. ನಾಲ್ಕು ಪಾಲುಗಳ ಮೊತ್ತ 2007ರಲ್ಲೂ 726, 2018ರಲ್ಲೂ 726. ಪರಿಸರಕ್ಕೆ 10, ಸಮುದ್ರಕ್ಕೆ ಹರಿದುಹೋಗುವುದಕ್ಕೆ 4 ಸೇರಿಸಿದರೆ 740. ಮೊತ್ತ ತಾಳೆಯಾಗದಿದ್ದರೆ ಯಾರೋ ಎರಡು ತೀರ್ಪುಗಳನ್ನು ಬೆರೆಸಿದ್ದಾರೆ. ಕರ್ನಾಟಕ ತಮಿಳುನಾಡಿಗೆ ತಿಂಗಳು ತಿಂಗಳು ಬಿಡಬೇಕಾದ ನೀರಿನ ಪಟ್ಟಿಗೂ ಇದೇ ಪರೀಕ್ಷೆ. 2007ರ ಹಳೆಯ ಪಟ್ಟಿಯಲ್ಲಿ ಜೂನ್ 10, ಜುಲೈ 34, ಆಗಸ್ಟ್ 50 ಎಂದು ಶುರುವಾಗಿ ಹನ್ನೆರಡು ತಿಂಗಳಿಗೆ 192 ಆಗಬೇಕು. 2018ರ ಹೊಸ ಪಟ್ಟಿಯಲ್ಲಿ ಜೂನ್ 9.19, ಜುಲೈ 31.24, ಆಗಸ್ಟ್ 45.95, ವರ್ಷದ ಮೊತ್ತ 177.25.

ಮೊತ್ತ ಸರಿಯಿದ್ದರೂ ಅಳತೆಯ ಜಾಗ ತಪ್ಪಬಹುದು. 1991ರ ಜೂನ್ 25ರ ಮಧ್ಯಂತರ ಆದೇಶದ 205 ಟಿಎಂಸಿ ತಮಿಳುನಾಡಿನ ಮೆಟ್ಟೂರು ಜಲಾಶಯಕ್ಕೆ ಸಂಬಂಧಿಸಿದ್ದು. 192 ಮತ್ತು 177.25 ಎರಡು ರಾಜ್ಯಗಳ ಗಡಿಯಲ್ಲಿರುವ ಬಿಳಿಗುಂಡ್ಲು ಮಾಪನ ಕೇಂದ್ರದ್ದು. ಎರಡರ ನಡುವೆ ಹೊಳೆಗೆ ಬಂದು ಸೇರುವ ನೀರೂ ಇದೆ. ‘205ರಿಂದ 192ಕ್ಕೆ ಇಳಿಯಿತು, ನಮಗೆ 13 ಟಿಎಂಸಿ ಉಳಿಯಿತು’ ಎಂಬ ಲೆಕ್ಕ ಅಲ್ಲಿಗೇ ಬಿದ್ದುಹೋಗುತ್ತದೆ. ಆದ್ದರಿಂದ ಅಂಕಿಯ ಪಕ್ಕದಲ್ಲಿ ಜಾಗದ ಹೆಸರಿಲ್ಲದ ಸಾಲನ್ನು ನಾವು ಉಳಿಸುವುದಿಲ್ಲ. ಕ್ಯೂಸೆಕ್ ಮತ್ತು ಟಿಎಂಸಿ ಗೊಂದಲವೂ ಇಷ್ಟೇ ಸಾಮಾನ್ಯ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ಹರಿಯುತ್ತದೆ ಎಂಬ ಲೆಕ್ಕ, ಟಿಎಂಸಿ ಎಂದರೆ ನೀರಿನ ಮೊತ್ತ. ಒಂದು ದಿನವಿಡೀ ಸುಮಾರು 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಸುಪ್ರೀಂ ಕೋರ್ಟಿನ 2016ರ ಸೆಪ್ಟೆಂಬರ್ 5ರ ಆದೇಶ ಹತ್ತು ದಿನ 15,000 ಕ್ಯೂಸೆಕ್ ಬಿಡಲು ಹೇಳಿತ್ತು, ಅಂದರೆ ಒಟ್ಟು ಸುಮಾರು 13 ಟಿಎಂಸಿ. ದಿನಗಳ ಲೆಕ್ಕ ಬಿಟ್ಟು ‘15,000 ಕ್ಯೂಸೆಕ್ ನೀರು ಬಿಡಲು ಆದೇಶ’ ಎಂದಷ್ಟೇ ಬರೆದರೆ ಓದುಗನಿಗೆ ಏನೂ ಗೊತ್ತಾಗುವುದಿಲ್ಲ.

ಅಂಕಿಗಳಿಗಿಂತ ಹೆಚ್ಚು ಕಷ್ಟದ್ದು ಕ್ರಿಯಾಪದ. ನಮ್ಮ ಪತ್ರಿಕೆಗಳ ತಲೆಬರಹದಲ್ಲಿ ತಮಿಳುನಾಡು ಯಾವಾಗಲೂ ‘ಕ್ಯಾತೆ ತೆಗೆಯುತ್ತದೆ’. ಆ ವರದಿಯನ್ನೇ ಆಧಾರವಾಗಿ ಕೊಡುವಾಗ ಆ ಪದವೂ ಜೊತೆಗೆ ಪುಟದೊಳಗೆ ಬಂದುಬಿಡುತ್ತದೆ. ಅಲ್ಲಿ ನಿಜವಾಗಿ ನಡೆದದ್ದು ಏನು? ಅರ್ಜಿ ಹಾಕಿದರೋ, ಆಕ್ಷೇಪಣೆ ಸಲ್ಲಿಸಿದರೋ, ಪ್ರಧಾನಿಗೆ ಪತ್ರ ಬರೆದರೋ? ನಡೆದ ಕೆಲಸದ ಹೆಸರನ್ನೇ ಬರೆಯುತ್ತೇವೆ. ‘ಮಲತಾಯಿ ಧೋರಣೆ’, ‘ನ್ಯಾಯಯುತ ಪಾಲು’, ‘ಕನ್ನಡಿಗರಿಗೆ ಆಘಾತ’ ಎನ್ನುವಂಥವು ಬಂದರೆ ಒಂದೋ ಯಾರು ಹೇಳಿದ್ದೆಂದು ಹೆಸರು, ದಿನಾಂಕ ಸಹಿತ ಉಲ್ಲೇಖಿಸುತ್ತೇವೆ, ಇಲ್ಲ ತೆಗೆಯುತ್ತೇವೆ. ‘ಹೇಳಿದೆ’ ಮತ್ತು ‘ಹೇಳಿಕೊಂಡಿದೆ’ ನಡುವಿನ ವ್ಯತ್ಯಾಸ ಬಹಳ ಸೂಕ್ಷ್ಮ. ಎರಡನೆಯದರಲ್ಲಿ ‘ನಂಬಬೇಡಿ’ ಎಂಬ ದನಿ ಅಡಗಿದೆ. ಒಂದೇ ಪ್ಯಾರಾದಲ್ಲಿ ಕರ್ನಾಟಕ ‘ಸ್ಪಷ್ಟಪಡಿಸಿ’, ತಮಿಳುನಾಡು ‘ಹೇಳಿಕೊಂಡರೆ’ ಆ ಪ್ಯಾರಾ ವಾಲಿದೆ ಎಂದೇ ಲೆಕ್ಕ. ಇಬ್ಬರಿಗೂ ‘ವಾದಿಸಿತು’ ಎಂದು ಹಾಕಿ ಓದಿ ನೋಡುತ್ತೇವೆ. ವಾಕ್ಯ ಆಗಲೂ ನಿಂತರೆ ಸರಿ.

ಒಂದೇ ತೀರ್ಪಿನಿಂದ ನಮಗೆ ಬೇಕಾದದ್ದನ್ನು ಮಾತ್ರ ಆರಿಸಿಕೊಳ್ಳುವುದು ಇದಕ್ಕಿಂತ ಆಳದ ತಪ್ಪು. ಮೈಸೂರು ಮತ್ತು ಮದ್ರಾಸ್ ನಡುವಿನ 1924ರ ಒಪ್ಪಂದ 50 ವರ್ಷಗಳ ನಂತರ, 1974ರಲ್ಲಿ ಮುಗಿಯಿತು ಎಂದು 2018ರ ತೀರ್ಪು ಹೇಳಿತು. ಇದು ಕರ್ನಾಟಕದ ವಾದಕ್ಕೆ ಬಲ ಕೊಡುವ ಮಾತು, ಕನ್ನಡದಲ್ಲಿ ಎಲ್ಲರೂ ಬರೆಯುತ್ತಾರೆ. ಅದೇ ತೀರ್ಪು, ಬ್ರಿಟಿಷರ ಮುಂದೆ ಮೈಸೂರಿಗೆ ಸಮಾನ ಬಲವಿರಲಿಲ್ಲವಾದ್ದರಿಂದ 1892 ಮತ್ತು 1924ರ ಒಪ್ಪಂದಗಳೇ ಅನ್ಯಾಯದವು ಎಂಬ ವಾದವನ್ನು ಒಪ್ಪಲಿಲ್ಲ. ಎರಡನ್ನೂ ಒಂದೇ ಪ್ಯಾರಾದಲ್ಲಿ, ಪುಟಸಂಖ್ಯೆಯೊಡನೆ ಇಡುತ್ತೇವೆ. 1991ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ತಮಿಳರ ಮೇಲೆ ನಡೆದ ಹಿಂಸಾಚಾರದ ಸಾಲೂ ಹಾಗೆಯೇ. ಅದನ್ನು ಬಿಟ್ಟು ಕರ್ನಾಟಕದ ಬಂದ್‌ಗಳ ಪಟ್ಟಿ ಮಾತ್ರ ಕೊಟ್ಟರೆ ಚರಿತ್ರೆ ಅರ್ಧವಾಗುತ್ತದೆ.

ಬಿಟ್ಟುಹೋದದ್ದನ್ನು ಹುಡುಕುವ ದಾರಿ ಸುಲಭ. ಪುಟದ ಭಾಷಾ ಕೊಂಡಿಯಿಂದ ತಮಿಳು ಪುಟಕ್ಕೆ ಹೋಗಿ, ಯಂತ್ರಾನುವಾದದಲ್ಲಿ ಓದಿ, ಅಲ್ಲಿ ಆಧಾರವಿರುವ, ನಮ್ಮಲ್ಲಿಲ್ಲದ ಸಂಗತಿಗಳನ್ನಷ್ಟೇ ಪಟ್ಟಿ ಮಾಡಬೇಕು. ಯಂತ್ರಾನುವಾದದ ವಾಕ್ಯವನ್ನು ಎತ್ತಿ ತರಬಾರದು, ಆಧಾರವನ್ನು ತರಬೇಕು. ಅಂಕಿಗಳನ್ನು ಮೂಲ ಆದೇಶದೊಂದಿಗೇ ತಾಳೆ ನೋಡಬೇಕು. ಕರ್ನಾಟಕ–ಮಹಾರಾಷ್ಟ್ರ ಗಡಿ ವಿವಾದದ ಪುಟಕ್ಕೆ ಮರಾಠಿ ಪುಟವನ್ನು ಹೀಗೇ ಬಳಸುತ್ತೇವೆ. ಅಲ್ಲಿ ಮುಖ್ಯವಾಗಿ ನೆನಪಿಡಬೇಕಾದದ್ದು: ಈ ಗಡಿ ಪ್ರಶ್ನೆಯನ್ನು ಪರಿಶೀಲಿಸಿದ ಮಹಾಜನ ಆಯೋಗ ಕೊಟ್ಟದ್ದು ಶಿಫಾರಸು, ತೀರ್ಪಲ್ಲ. ಅದನ್ನು ಕರ್ನಾಟಕ ಒಪ್ಪಿತು, ಮಹಾರಾಷ್ಟ್ರ ತಿರಸ್ಕರಿಸಿತು, 2004ರಲ್ಲಿ ಸುಪ್ರೀಂ ಕೋರ್ಟಿಗೂ ಹೋಯಿತು. ‘ಮಹಾಜನ ವರದಿಯೇ ಅಂತಿಮ’ ಎಂಬುದು ಕರ್ನಾಟಕದ ನಿಲುವು. ವಿಶ್ವಕೋಶ ಅದನ್ನು ನಿಲುವು ಎಂದೇ ಬರೆಯಬೇಕು.

ಇನ್ನು ಕೈಕೆಲಸ. ಇಡೀ ಪುಟವನ್ನು ಒಂದೇ ಏಟಿಗೆ ಬದಲಿಸಬಾರದು. ಒಂದು ವಿಭಾಗವನ್ನು ಪ್ರಯೋಗಪುಟಕ್ಕೆ ನಕಲಿಸಿ, ಅಲ್ಲಿ ತಿದ್ದಿ, ಚರ್ಚೆ ಪುಟದಲ್ಲಿ ಹಳೆಯ ವಾಕ್ಯ, ಹೊಸ ವಾಕ್ಯ, ಕಾರಣ ಮೂರನ್ನೂ ಹಾಕಿ, ಆಮೇಲೆ ವಿಭಾಗ ವಿಭಾಗವಾಗಿ ಉಳಿಸುತ್ತೇವೆ. ಒಂದೇ ಸಲ ಮೂವತ್ತು ಬದಲಾವಣೆ ಉಳಿಸಿದರೆ, ಅದರಲ್ಲಿ ಒಂದನ್ನು ಒಪ್ಪದವರು ಮೂವತ್ತನ್ನೂ ಹಿಂದಕ್ಕೆ ತಿರುಗಿಸುತ್ತಾರೆ. ಚಿಕ್ಕ ಚಿಕ್ಕದಾಗಿ ಉಳಿಸಿದರೆ ಜಗಳ ಆ ಒಂದು ವಾಕ್ಯಕ್ಕೇ ಸೀಮಿತವಾಗುತ್ತದೆ. ಉಲ್ಲೇಖವನ್ನು ಪ್ಯಾರಾ ಕೊನೆಯಲ್ಲಿ ಗುಡ್ಡೆ ಹಾಕದೆ ಪ್ರತಿ ಅಂಕಿಯ ಬೆನ್ನಿಗೇ ಇಡಬೇಕು, ಇಲ್ಲವಾದರೆ ನಡುವೆ ಯಾರೋ ಸೇರಿಸಿದ ಸಾಲಿಗೂ ಅದೇ ಆಧಾರ ಇದ್ದಂತೆ ಕಾಣುತ್ತದೆ. ತೀರ್ಪು ಇಂಗ್ಲಿಷಿನಲ್ಲಿರುವುದರಿಂದ ಕನ್ನಡ ವಾಕ್ಯ ನಮ್ಮದೇ ಅನುವಾದ. ಪರಿಶೀಲಿಸುವವರಿಗೆ ಸಿಗಲಿ ಎಂದು ಮೂಲ ವಾಕ್ಯವನ್ನು ಉಲ್ಲೇಖದೊಳಗೆ ಕೊಡುತ್ತೇವೆ. ಪತ್ರಿಕೆಗಳ ಹಳೆಯ ಕೊಂಡಿಗಳು ಸಾಯುವುದು ಹೆಚ್ಚು, ಆದ್ದರಿಂದ ಹಾಕಿದ ದಿನವೇ ಜಾಲಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮೆಷಿನ್‌ನಲ್ಲಿ ಪ್ರತಿ ಉಳಿಸುವುದು ಒಳ್ಳೆಯದು. ‘ನುಡಿ’ ತಂತ್ರಾಂಶದ ಹಳೆಯ (ಯೂನಿಕೋಡ್ ಅಲ್ಲದ) ಅಕ್ಷರಗಳಲ್ಲಿರುವ ಸರ್ಕಾರಿ ಪಿಡಿಎಫ್‌ಗಳಿಂದ ನಕಲಿಸಿದರೆ ಬರೀ ಕಲಸುಮೇಲೋಗರ ಬರುತ್ತದೆ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಅಂಕಿಗಳನ್ನು ಕಣ್ಣಾರೆ ಮತ್ತೆ ನೋಡಬೇಕು. ಪುಟದಲ್ಲಿ ಕೆಲವೆಡೆ ೨೭೦, ಕೆಲವೆಡೆ 270 ಇದ್ದರೆ ಹುಡುಕಾಟದಲ್ಲಿ ಅರ್ಧ ತಪ್ಪಿಹೋಗುತ್ತದೆ, ಎರಡು ರೂಪದಲ್ಲೂ ಹುಡುಕಬೇಕು.

ನಮ್ಮ ತಿದ್ದುಪಡಿಯನ್ನು ಯಾರಾದರೂ ತಿರುಗಿಸಿದರೆ ನಾವು ಮತ್ತೆ ತಿರುಗಿಸುವುದಿಲ್ಲ. ‘ನಮಸ್ಕಾರ, ಈ ವಾಕ್ಯದ ಯಾವ ಭಾಗಕ್ಕೆ ನಿಮ್ಮ ಆಕ್ಷೇಪ, ದಯವಿಟ್ಟು ತಿಳಿಸಿ’ ಎಂದು ಅವರ ಚರ್ಚೆ ಪುಟದಲ್ಲಿ ಬರೆದು ಒಂದು ವಾರ ಕಾಯುತ್ತೇವೆ. ಉತ್ತರ ಬರದಿದ್ದರೆ ವಿಷಯವನ್ನು ಅರಳಿ ಕಟ್ಟೆಗೆ, ಅಂದರೆ ಕನ್ನಡ ವಿಕಿಪೀಡಿಯದ ಸಾರ್ವಜನಿಕ ಚರ್ಚೆಯ ಪುಟಕ್ಕೆ, ಒಯ್ಯುತ್ತೇವೆ. ನಿರ್ವಾಹಕರು ಬೆರಳೆಣಿಕೆಯಷ್ಟಿರುವ ಕಡೆ ಎಲ್ಲದಕ್ಕೂ ಅವರನ್ನು ಕರೆಯುವುದು ಸರಿಯಲ್ಲ.

ಇಂಗ್ಲಿಷ್ ವಿಕಿಪೀಡಿಯಕ್ಕೆ ಹೋಗುವ ಕನ್ನಡಿಗರು ಅಲ್ಲಿನ ನಿಯಮಗಳನ್ನು ಮೊದಲು ಓದಿಕೊಳ್ಳಬೇಕು. ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ತಿರುಗಿಸಿದರೆ ಖಾತೆಗೆ ತಡೆ ಬೀಳಬಹುದು. ವಿವಾದದ ಕಾವು ಏರಿದಾಗ ಪುಟಕ್ಕೆ ವಿಸ್ತೃತ ರಕ್ಷಣೆ ಹಾಕಿದರೆ, 30 ದಿನ ಹಳೆಯದಾಗಿ 500 ತಿದ್ದುಪಡಿ ಮಾಡಿರುವ ಖಾತೆಗಳಷ್ಟೇ ಪುಟವನ್ನು ತಿದ್ದಬಲ್ಲವು. ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ‘ನಮ್ಮ ಕಾವೇರಿ ಪುಟ ಕೆಡಿಸುತ್ತಿದ್ದಾರೆ, ಎಲ್ಲರೂ ಬನ್ನಿ’ ಎಂಬ ವಾಟ್ಸಾಪ್ ಸಂದೇಶ. ಒಂದೇ ದಿನ ಹುಟ್ಟಿದ ಹತ್ತು ಖಾತೆಗಳು ಒಂದೇ ಮಾತು ಹೇಳಿದರೆ ಅದು ಹತ್ತು ಅಭಿಪ್ರಾಯವಾಗುವುದಿಲ್ಲ, ಅಲ್ಲಿ ತೂಗುವುದು ಆಧಾರವನ್ನು, ತಲೆಗಳನ್ನಲ್ಲ. ಒಬ್ಬರೇ ಹಲವು ಖಾತೆ ನಡೆಸುತ್ತಿದ್ದಾರೆಂಬ ಅನುಮಾನ ಬರುತ್ತದೆ, ಪುಟಕ್ಕೆ ಬೀಗ ಬೀಳುತ್ತದೆ, ಅಷ್ಟು ದಿನ ತಾಳ್ಮೆಯಿಂದ ತೀರ್ಪಿನ ಪುಟಸಂಖ್ಯೆ ಕೊಟ್ಟು ವಾದಿಸುತ್ತಿದ್ದ ಕನ್ನಡ ಸಂಪಾದಕರ ಮಾತಿಗೂ ಬೆಲೆ ಹೋಗುತ್ತದೆ. ಹತ್ತು ಜನರನ್ನು ಕರೆಯುವ ಬದಲು ಒಂದು ಗಟ್ಟಿ ಆಧಾರವನ್ನು ಹುಡುಕಿ ಕೊಡಿ.

ಜೂನ್ 1ರಿಂದ ಹೊಸ ಜಲವರ್ಷ. ಮಳೆ ಕೈಕೊಟ್ಟ ವರ್ಷ ಆಗಸ್ಟ್ ಹೊತ್ತಿಗೆ ಕೆಆರ್‌ಎಸ್‌ನ ದಿನದ ಮಟ್ಟ, ಆ ದಿನದ ಹೊರಹರಿವು, ಅಂದಿನ ಹೇಳಿಕೆಗಳು ಪುಟದೊಳಗೆ ನುಗ್ಗುತ್ತವೆ. ಅವುಗಳಲ್ಲಿ ಕಾವೇರಿ ಜಲ ನಿರ್ವಹಣಾ ಪ್ರಾಧಿಕಾರದ ಅಥವಾ ನ್ಯಾಯಾಲಯದ ಆದೇಶಗಳನ್ನು ದಿನಾಂಕ ಸಹಿತ ಉಳಿಸಿಕೊಂಡು, ಮಿಕ್ಕದ್ದನ್ನು ಚರ್ಚೆ ಪುಟಕ್ಕೆ ಸರಿಸುತ್ತೇವೆ. ಮೇ ಕೊನೆಗೆ, ಬಿಳಿಗುಂಡ್ಲುವಿನ ವರ್ಷದ ಒಟ್ಟು ಅಂಕಿ ಅಧಿಕೃತವಾಗಿ ಬಂದ ಮೇಲೆ, ಆ ಇಡೀ ವರ್ಷಕ್ಕೆ ಒಂದು ಸಾಲು ಬರೆಯುತ್ತೇವೆ.