ಎಸ್ಸೆಸ್ಸೆಲ್ಸಿ ಆದ ಮೇಲೆ ಕಾಂಬಿನೇಷನ್ ಆರಿಸುವುದು ಹೇಗೆ?

ನಾನು ಚಿಂತಾಮಣಿ ಹತ್ತಿರದ ಹಳ್ಳಿಯವಳು. ಗೆಳತಿಯರು ತಗೊಂಡರು ಅಂತ ಪಿಯುಸಿಯಲ್ಲಿ ನಾನೂ ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್, ಕಂಪ್ಯೂಟರ್ ಸೈನ್ಸ್) ಕಾಂಬಿನೇಷನ್ ತಗೊಂಡೆ. ಎರಡು ವರ್ಷ ಆದ ಮೇಲೆ ಬಿಎಸ್ಸಿ ಕೃಷಿ ಓದುವ ಆಸೆ ಬಂತು. ಆದರೆ ಬಯಾಲಜಿಯೇ ಇರಲಿಲ್ಲ. ಅವತ್ತು ಸಂಜೆ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಾ ಅತ್ತದ್ದು ಇನ್ನೂ ನೆನಪಿದೆ.

ಅದಕ್ಕೇ ಮೊದಲು ಡಿಗ್ರಿ ಯಾವುದು ಅಂತ ಯೋಚಿಸಿ, ಆಮೇಲೆ ಕಾಂಬಿನೇಷನ್. ಎಂಜಿನಿಯರಿಂಗ್‌ಗೆ ಫಿಸಿಕ್ಸ್, ಮ್ಯಾತ್ಸ್ ಬೇಕೇ ಬೇಕು. ಎಂಬಿಬಿಎಸ್‌ಗೆ ಬಯಾಲಜಿ ಬೇಕು, ನೀಟ್ ಪ್ರವೇಶ ಪರೀಕ್ಷೆ ಬರೆಯಬೇಕು. ಇನ್ನೂ ತೀರ್ಮಾನ ಆಗಿಲ್ವಾ? ಪಿಸಿಎಂಬಿ ತಗೊಳ್ಳಿ, ಅದರಲ್ಲಿ ಕಂಪ್ಯೂಟರ್ ಸೈನ್ಸ್ ಬದಲು ಬಯಾಲಜಿ ಇರುತ್ತದೆ. ಓದು ಜಾಸ್ತಿ, ನಿಜ. ಆದರೆ ಎರಡೂ ದಾರಿ ತೆರೆದಿರುತ್ತವೆ. ಸಿಎ ಆಸೆ ಇದ್ದರೆ ಕಾಮರ್ಸ್ ಒಳ್ಳೆಯದು.

ಸಿಇಟಿ (ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ) ಒಂದಿದ್ದರೆ ಸಾಕು ಅಂತ ಪಿಯುಸಿ ಪರೀಕ್ಷೆಯನ್ನು ಸುಮ್ನೆ ಬಿಡಬೇಡಿ. ಎಂಜಿನಿಯರಿಂಗ್ ರ‍್ಯಾಂಕ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್‌ನ ದ್ವಿತೀಯ ಪಿಯುಸಿ ಅಂಕಗಳಿಂದ ಶೇ. 50 ಸೇರುತ್ತದೆ.

ಇನ್ನೊಂದು ಮಾತು, ಹಳ್ಳಿ ಮಕ್ಕಳೇ. 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಶಾಲೆಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಮೀಸಲು ಸೀಟುಗಳಿವೆ. ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರ ಬೇಕಾಗುತ್ತದೆ. ನನ್ನವು ಮೂರು ಶಾಲೆ, ಮೂರು ದಿನದ ಓಡಾಟ. ಈ ರಜೆಯಲ್ಲೇ ತಂದು ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ.